ಪರದೆ ಮೇಲೆ ಬಿಡಿಸುತ್ತಿರುವುದು ಯಾರು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು: ಪರದೆ ಸರಿಯಾಗಿ ಕಾಣುತ್ತಿಲ್ಲ. ಕಪ್ಪು ಅಂಚು, ಖಾಲಿ ಬಿಳಿ ವಿಂಡೋ, ಮಾಯವಾದ ನೆರಳು, ಒಡೆದ ಅಕ್ಷರ. ಪ್ರಿಂಟರ್ ಮತ್ತು ಪೆನ್‌ಡ್ರೈವ್ ದೂರುಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಇದೊಂದನ್ನೇ ಹಿಡಿದು ಕೂತಿದ್ದೇನೆ. ಇಂಥ ದೂರು ಬಂದರೆ ನಾನು ಮೊದಲು ಕೇಳುವುದು ಇಷ್ಟೇ: ಈ ಚಿತ್ರ ಬಿಡಿಸುತ್ತಿರುವುದು ಗ್ರಾಫಿಕ್ಸ್ ಚಿಪ್ಪೋ, ಪ್ರೊಸೆಸರೋ? ಅದು ಗೊತ್ತಾಗುವ ಮೊದಲೇ ವಿಂಡೋಸ್ ಹೊಸದಾಗಿ ಹಾಕಿಸುವುದು, ಕಾರ್ಡ್ ಕೊಳ್ಳುವುದು ಎಲ್ಲ ದುಡ್ಡು ದಂಡ.

ಪ್ರಶ್ನೆ: ಮೇಡಂ, ನಮ್ಮ ಪ್ರೌಢಶಾಲೆಗೆ ದಾನಿಗಳು ಕೊಟ್ಟ ಹಳೆಯ ಕಂಪ್ಯೂಟರ್‌ಗಳಿಗೆ ಲಿನಕ್ಸ್ ಹಾಕಿಸಿದ್ದೇವೆ. ವಿಂಡೋ ಎಳೆದರೆ ಹಿಂದೆ ಅದರದೇ ಗುರುತು ಸಾಲಾಗಿ ಉಳಿಯುತ್ತದೆ. ಕೆಲವು ಮೆನುಗಳ ಸುತ್ತ ದಪ್ಪ ಕಪ್ಪು ಅಂಚು. ಯೂಟ್ಯೂಬ್ ಹಾಕಿದರೆ ಫ್ಯಾನ್ ಕೂಗುತ್ತದೆ. ಮಾನಿಟರ್ 1366×768ರದ್ದು, ಆದರೆ ಸೆಟ್ಟಿಂಗ್ಸ್‌ನಲ್ಲಿ 1024×768 ಬಿಟ್ಟು ಬೇರೆ ಆಯ್ಕೆಯೇ ಇಲ್ಲ. ಹಾಕಿಕೊಟ್ಟವರನ್ನು ಕೇಳಿದರೆ ‘ಹಳೇ ಮಾಲು ಸಾರ್, ಅಷ್ಟೇ’ ಅಂದರು.
— ಗಣಿತ ಶಿಕ್ಷಕರು, ಹೊಸನಗರ ತಾಲ್ಲೂಕು

ಮೇಷ್ಟ್ರೇ, ಹಳೇ ಮಾಲು ಅನ್ನುವುದು ನಿಜವೇ ಇರಬಹುದು. ಆದರೆ ನೀವು ಕೊನೆಗೆ ಬರೆದ ಮಾನಿಟರ್ ವಿಷಯ ಇದೆಯಲ್ಲ, ಸುಳಿವು ಇರುವುದು ಅಲ್ಲಿ. ಒಂದೇ ಅಳತೆಗೆ ಅಂಟಿಕೊಂಡ ಪರದೆ ಅಂದರೆ ಗ್ರಾಫಿಕ್ಸ್ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಎದ್ದೇ ಇಲ್ಲ ಎಂದು ಅರ್ಥ ಮಾಡಿಕೊಳ್ಳಬಹುದು.

ನನ್ನ ಅನುಮಾನ ಹೀಗೆ. ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕುವಾಗ ಕೆಲವೊಮ್ಮೆ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ಅದನ್ನು ದಾಟಿಸಲು ಬೂಟ್ ಸಾಲಿಗೆ, ಅಂದರೆ ಲಿನಕ್ಸ್ ಶುರುಮಾಡುವ ಆಜ್ಞೆಗೆ, ‘ನೋಮೋಡ್‌ಸೆಟ್’ ಎಂಬ ಪದ ಸೇರಿಸುವುದು ವಾಡಿಕೆ. ಗ್ರಾಫಿಕ್ಸ್ ಚಿಪ್ಪಿನ ತಂಟೆಗೆ ಹೋಗಬೇಡ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳುವ ಪದ ಅದು. ಇನ್‌ಸ್ಟಾಲ್ ಏನೋ ಸಲೀಸಾಗಿ ಮುಗಿಯುತ್ತದೆ. ಆದರೆ ಆ ಪದವನ್ನು ಆಮೇಲೆ ತೆಗೆಯದಿದ್ದರೆ ಚಿಪ್ ಸುಮ್ಮನೆ ಕೂತಿರುತ್ತದೆ, ಪರದೆಯ ಪ್ರತಿ ಚುಕ್ಕಿಯನ್ನೂ ಪ್ರೊಸೆಸರೇ ಬಿಡಿಸಬೇಕಾಗುತ್ತದೆ. ಮದುವೆಮನೆಯಲ್ಲಿ ಅಡುಗೆ ಭಟ್ಟರೇ ಒಲೆ ಬಿಟ್ಟು ಪಂಕ್ತಿಗೆ ಬಡಿಸಲು ಬಂದ ಹಾಗೆ. ಊಟಕ್ಕೆ ಮೋಸವಿಲ್ಲ, ಆದರೆ ಕೊನೆಯ ಎಲೆಗೆ ಸಾರು ಬರುವಷ್ಟರಲ್ಲಿ ಮೊದಲ ಎಲೆಯವರು ಮಜ್ಜಿಗೆಗೆ ಕಾಯುತ್ತಿರುತ್ತಾರೆ.

ಲೆಕ್ಕದ ಮೇಷ್ಟ್ರಿಗೆ ಲೆಕ್ಕವನ್ನೇ ಕೊಡುತ್ತೇನೆ. 1366×768 ಅಂದರೆ ಹತ್ತೂವರೆ ಲಕ್ಷ ಚುಕ್ಕಿ. ಚುಕ್ಕಿಗೆ 4 ಬೈಟ್‌ನಂತೆ ಒಂದು ಚಿತ್ರಕ್ಕೆ ಸುಮಾರು 42 ಲಕ್ಷ ಬೈಟ್. ಸೆಕೆಂಡಿಗೆ 60 ಸಲ ಬಿಡಿಸಿದರೆ 25 ಕೋಟಿ ಬೈಟ್. ಇದು ಒಂದೇ ಪದರಕ್ಕೆ. ಹಿನ್ನೆಲೆ ಚಿತ್ರ, ಅದರ ಮೇಲೆ ವಿಂಡೋ, ಅದರ ನೆರಳು, ಮೇಲೊಂದು ಅರೆಪಾರದರ್ಶಕ ಮೆನು ಎಂದು ಪದರ ಏರಿದಷ್ಟೂ ಲೆಕ್ಕ ಏರುತ್ತದೆ. ಫ್ಯಾನ್ ಕೂಗದೆ ಇನ್ನೇನು ಮಾಡೀತು?

ಇನ್ನು ಆ ಗುರುತಿನ ಸಾಲು. ಪ್ರತಿ ವಿಂಡೋದ ಪೂರ್ತಿ ಚಿತ್ರವನ್ನು ಬೇರೆ ಬೇರೆ ಇಟ್ಟುಕೊಂಡು ಕೊನೆಗೆ ಒಟ್ಟಿಗೆ ಜೋಡಿಸುವ ಕೆಲಸ ಕಾಂಪೋಸಿಟರ್‌ನದ್ದು. ಅದು ಇಲ್ಲದಿದ್ದಾಗ ಮೇಲಿನ ವಿಂಡೋ ಸರಿದರೆ ಅದರಡಿ ಮುಚ್ಚಿಹೋಗಿದ್ದ ಭಾಗ ಎಲ್ಲೂ ಉಳಿದಿರುವುದಿಲ್ಲ. ಕೆಳಗಿನ ಅಪ್ಲಿಕೇಶನ್‌ಗೆ ‘ನಿನ್ನ ಈ ಭಾಗವನ್ನು ಮತ್ತೆ ಬಿಡಿಸು’ ಎಂಬ ಸಂದೇಶ ಹೋಗುತ್ತದೆ. ಅದು ಬಿಡಿಸುವವರೆಗೂ ಹಳೆಯ ಚುಕ್ಕಿಗಳೇ ಅಲ್ಲಿ ಕೂತಿರುತ್ತವೆ. ಪ್ರೊಸೆಸರ್ ಕೈ ತುಂಬ ಕೆಲಸ ಇಟ್ಟುಕೊಂಡಿದ್ದರೆ ಆ ತಡ ಕಣ್ಣಿಗೆ ಕಾಣುತ್ತದೆ. ಕಪ್ಪು ಅಂಚಿನ ಕಥೆಯೂ ಇದರ ತಮ್ಮನೇ. ಕೆಲವು ಅಪ್ಲಿಕೇಶನ್‌ಗಳು ತಮ್ಮ ವಿಂಡೋದ ಸುತ್ತ ನೆರಳಿಗೆಂದು ಪಾರದರ್ಶಕ ಪಟ್ಟಿ ಬಿಟ್ಟುಕೊಂಡಿರುತ್ತವೆ. ಹಿಂದಿನದರ ಜೊತೆ ಬೆರೆಸಿ ತೋರಿಸುವವರಿಲ್ಲದೆ ಆ ಪಟ್ಟಿ ಬರೀ ಕಪ್ಪಾಗಿ ಉಳಿಯುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಗ್ರಾಫಿಕ್ಸ್ ಎಂಬ ಸಾಲು ಇದ್ದರೆ ನೋಡಿ. ಅಲ್ಲಿ ಇಂಟೆಲ್, ಎಎಂಡಿ ಎಂದೆಲ್ಲ ಇರುವ ಬದಲು ‘ಎಲ್‌ಎಲ್‌ವಿಎಂಪೈಪ್’ (ಪ್ರೊಸೆಸರ್‌ನಿಂದಲೇ ಚಿತ್ರ ಬಿಡಿಸುವ ತಂತ್ರಾಂಶ) ಎಂದಿದ್ದರೆ ಬಿಡಿಸುತ್ತಿರುವುದು ಪ್ರೊಸೆಸರ್. ಆಮೇಲೆ ಒಂದೇ ಒಂದು ಕಂಪ್ಯೂಟರ್ ಆರಿಸಿಕೊಳ್ಳಿ. ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿದರೆ (ಸ್ವಲ್ಪ ಹೊಸ ಯಂತ್ರವಾದರೆ ಎಸ್ಕೇಪ್) ಗ್ರಬ್ ಎಂಬ ಬೂಟ್ ಮೆನು ಬರುತ್ತದೆ. ಮೊದಲ ಸಾಲಿನ ಮೇಲೆ ನಿಂತು ‘ಇ’ ಕೀಲಿ ಒತ್ತಿ. ‘ಲಿನಕ್ಸ್’ ಎಂದು ಶುರುವಾಗುವ ಉದ್ದ ಸಾಲಿನಲ್ಲಿ ನೋಮೋಡ್‌ಸೆಟ್ ಕಂಡರೆ ಆ ಪದವನ್ನಷ್ಟೇ ಅಳಿಸಿ ಎಫ್10 ಒತ್ತಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ಪರದೆ ಕಪ್ಪಾಗಿ ನಿಂತರೆ ಗಾಬರಿ ಬೇಡ, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಮೊದಲಿನಂತೆಯೇ ಬರುತ್ತದೆ. ಸರಿಯಾಗಿ ಬಂದು 1366×768 ಸಿಕ್ಕಿತು ಅಂದರೆ ಗ್ರಬ್‌ನ ಸೆಟ್ಟಿಂಗ್ ಫೈಲಿನಿಂದಲೂ ಆ ಪದ ತೆಗೆದು ‘ಅಪ್‌ಡೇಟ್-ಗ್ರಬ್’ ಆಜ್ಞೆ ಓಡಿಸಿ. ಮೆನು, ಅಂಚು, ಫ್ಯಾನ್ ಮೂರೂ ಒಟ್ಟಿಗೆ ಸುಧಾರಿಸಬೇಕು.

ಒಂದು ಅಪವಾದ. ದಾನಕ್ಕೆ ಬರುವ ಪುಟ್ಟ ನೆಟ್‌ಬುಕ್‌ಗಳಲ್ಲಿ ಇಂಟೆಲ್ ಆಟಂ ಪ್ರೊಸೆಸರ್ ಜೊತೆ ಜಿಎಂಎ 3600 ಎಂಬ ಗ್ರಾಫಿಕ್ಸ್ ಇರುವುದುಂಟು. ಅದರ ಲಿನಕ್ಸ್ ಡ್ರೈವರ್ ಪರದೆಯ ಅಳತೆಯನ್ನೇನೋ ಸರಿ ಕೊಡುತ್ತದೆ, ಮೂರು ಆಯಾಮದ ವೇಗ ಕೊಡುವುದಿಲ್ಲ. ಅಂಥವುಗಳಲ್ಲಿ ಪದ ತೆಗೆದ ಮೇಲೂ ಎಲ್‌ಎಲ್‌ವಿಎಂಪೈಪೇ ಗತಿ. ಅಲ್ಲಿ ಡೆಸ್ಕ್‌ಟಾಪ್ ಹಗುರದ್ದಿರಲಿ, ನೆರಳು ಮತ್ತು ಆ್ಯನಿಮೇಶನ್ ತೆಗೆದುಹಾಕಿ. ಮಕ್ಕಳು ಚಿತ್ರ ಬರೆಯುವ ಟಕ್ಸ್ ಪೇಂಟ್‌ಗೆ ಗ್ರಾಫಿಕ್ಸ್ ಚಿಪ್ಪಿನ ಹಂಗೇ ಇಲ್ಲ, ಅದು ಆರಾಮಾಗಿ ನಡೆಯುತ್ತದೆ.

ಪ್ರಶ್ನೆ: ಲ್ಯಾಪ್‌ಟಾಪ್ ಪರದೆಯ ಬಲಗಡೆ ಹಸಿರು ಗೆರೆ ಬಂದು ಹೋಗುತ್ತದೆ. ಮಗ ಸಾಫ್ಟ್‌ವೇರ್ ತೊಂದರೆ ಅನ್ನುತ್ತಾನೆ, ಅಂಗಡಿಯವರು ಡಿಸ್‌ಪ್ಲೇ ಹೋಗಿದೆ ಅನ್ನುತ್ತಾರೆ. ಯಾರನ್ನು ನಂಬಲಿ?
— ಗೃಹಿಣಿ, ಚಿಕ್ಕಮಗಳೂರು

ಇಬ್ಬರನ್ನೂ ಬೇಡ. ಗೆರೆ ಇರುವಾಗಲೇ ಸ್ಕ್ರೀನ್‌ಶಾಟ್ ತೆಗೆದು ಅದನ್ನು ನಿಮ್ಮ ಫೋನಿಗೆ ಕಳಿಸಿ ನೋಡಿ. ಫೋನಿನಲ್ಲೂ ಗೆರೆ ಕಂಡರೆ ಅದು ಚಿತ್ರದೊಳಗೇ ಸೇರಿಕೊಂಡಿದೆ, ಮಗ ಗೆದ್ದ. ಕಾಣದಿದ್ದರೆ ಚಿತ್ರ ಸರಿಯಾಗಿಯೇ ತಯಾರಾಗಿದೆ, ಕೆಡುತ್ತಿರುವುದು ಪರದೆಗೆ ತಲುಪುವ ದಾರಿಯಲ್ಲಿ. ಸ್ಕ್ರೀನ್‌ಶಾಟ್ ತೆಗೆಯುವ ಕ್ರಿಯೆಯೇ ಕೆಲವೊಮ್ಮೆ ಪರದೆಯನ್ನು ಮತ್ತೆ ಬಿಡಿಸುವಂತೆ ಮಾಡಿ ಗೆರೆಯನ್ನು ಅಳಿಸಿಬಿಡುತ್ತದೆ. ಆದ್ದರಿಂದ ಇನ್ನೊಂದು ಪರೀಕ್ಷೆ: ಆನ್ ಮಾಡಿ ಬಯೋಸ್ ಪುಟಕ್ಕೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ, ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಆಡಿಸಿ. ಅಲ್ಲಿ ವಿಂಡೋಸ್ ಇಲ್ಲ, ಅದರ ಡ್ರೈವರ್ ಇಲ್ಲ. ಅಲ್ಲೂ ಗೆರೆ ಬಂದರೆ ಕೇಬಲ್ಲೋ ಪ್ಯಾನೆಲ್ಲೋ. ಕೇಬಲ್ ಅಗ್ಗ, ಮೊದಲು ಅದನ್ನೇ ನೋಡಿಸಿ. ನೇರವಾಗಿ ಪ್ಯಾನೆಲ್ ಬದಲಾಯಿಸಲು ಒಪ್ಪಬೇಡಿ.

ಪ್ರಶ್ನೆ: ಮೇಡಂ, ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ಹೊಸ ಕಂಪ್ಯೂಟರ್‌ನಲ್ಲಿ ಒಂದು ಡಿಸೈನ್ ಸಾಫ್ಟ್‌ವೇರ್‌ಗೆ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಅಕ್ಷರದ ಪಕ್ಕದಲ್ಲಿ ಬಿಡಿಯಾಗಿ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸರಿಹೋಗುತ್ತದೆ ಎಂದು ಹೇಳಿ ಎಸ್ಟಿಮೇಟ್ ಕೊಟ್ಟಿದ್ದಾರೆ.
— ಡಿಟಿಪಿ ಆಪರೇಟರ್, ಗದಗ

ಆ ಎಸ್ಟಿಮೇಟ್ ಹರಿದುಹಾಕಿ. ಲಕ್ಷ ರೂಪಾಯಿಯ ಕಾರ್ಡ್ ತಂದರೂ ‘ಸಂಸ್ಕೃತಿ’ ನಿಮ್ಮ ಪರದೆಯಲ್ಲಿ ಹಾಗೇ ಬಿಡಿ ಬಿಡಿಯಾಗಿ ಬಿದ್ದಿರುತ್ತದೆ.

ಕಾರಣ ಹೇಳುತ್ತೇನೆ. ಯೂನಿಕೋಡ್ ಫೈಲಿನಲ್ಲಿ ‘ಕ್ತ’ ಇರುವುದು ಮೂರು ಸಂಕೇತಗಳಾಗಿ: ಕ, ಹಲಂತ, ತ. ಈ ಮೂರನ್ನು ನೋಡಿ ‘ತ’ದ ಒತ್ತನ್ನು ಫಾಂಟ್‌ನಿಂದ ಆರಿಸಿ ‘ಕ’ದ ಕೆಳಗೆ ಎಷ್ಟು ದೂರದಲ್ಲಿ ಇಡಬೇಕೆಂದು ನಿರ್ಧರಿಸುವುದು ಶೇಪಿಂಗ್ ಎಂಬ ಹಂತ. ಹಾರ್ಫ್‌ಬಜ್‌ನಂಥ ಲೈಬ್ರರಿಗಳು ಮಾಡುವ ಈ ಕೆಲಸ ನಡೆಯುವುದು ಪ್ರೊಸೆಸರ್‌ನಲ್ಲೇ, ಗ್ರಾಫಿಕ್ಸ್ ಚಿಪ್ ಇರಲಿ ಬಿಡಲಿ. ಚಿಪ್ಪಿಗೆ ಹೋಗುವಷ್ಟರಲ್ಲಿ ಅಕ್ಷರ ಬರೀ ಆಕಾರವಾಗಿರುತ್ತದೆ. ಅದು ಕನ್ನಡವೋ ತಮಿಳೋ ಎಂಬುದೂ ಚಿಪ್ಪಿಗೆ ಗೊತ್ತಿಲ್ಲ. ನಿಮ್ಮ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಭಾರತೀಯ ಭಾಷೆಗಳ ಕಾಂಪೋಸರ್ ಅಥವಾ ‘ವರ್ಲ್ಡ್ ರೆಡಿ’ ಎಂಬ ಆಯ್ಕೆ ಇದೆಯೇ ಹುಡುಕಿ, ಅದನ್ನು ಆರಿಸಿ. ಇಲ್ಲದಿದ್ದರೆ ಆ ಆವೃತ್ತಿಗೆ ಕನ್ನಡ ಬರುವುದಿಲ್ಲ ಅಂತಲೇ ಲೆಕ್ಕ. ಅದೇ ಪಠ್ಯವನ್ನು ಲಿಬ್ರೆಆಫೀಸ್‌ಗೆ ಅಂಟಿಸಿ ನೋಡಿ. 2017ರ 5.3 ಆವೃತ್ತಿಯಿಂದ ಅದು ಎಲ್ಲ ಕಡೆ ಹಾರ್ಫ್‌ಬಜ್ಜನ್ನೇ ಬಳಸುತ್ತಿದೆ, ಒತ್ತು ಅಲ್ಲಿ ತನ್ನ ಜಾಗದಲ್ಲಿ ಕೂರುತ್ತದೆ.

ಹಾಗಾದರೆ ಅಕ್ಷರ ಕೆಡುವುದರಲ್ಲಿ ಗ್ರಾಫಿಕ್ಸ್‌ನ ಪಾತ್ರವೇ ಇಲ್ಲವೆ? ಇದೆ, ಅದರ ಚಹರೆ ಬೇರೆ. ಒಮ್ಮೆ ಬಿಡಿಸಿದ ಅಕ್ಷರಗಳ ಚಿತ್ರವನ್ನು ಚಿಪ್ಪಿನ ಮೆಮೊರಿಯಲ್ಲಿ ಒಂದು ಹಾಳೆಯಂತೆ ಜೋಡಿಸಿಟ್ಟುಕೊಂಡು ಮತ್ತೆ ಮತ್ತೆ ಅಲ್ಲಿಂದಲೇ ನಕಲು ಮಾಡುವುದು ರೂಢಿ. ಲ್ಯಾಪ್‌ಟಾಪ್ ನಿದ್ದೆಗೆ ಹೋಗಿ ಎದ್ದಾಗ ಆ ಹಾಳೆ ಕೆಟ್ಟಿದ್ದರೆ ಅಕ್ಷರದ ಜಾಗದಲ್ಲಿ ಬಣ್ಣದ ಚೌಕ, ಅರ್ಧ ತುಂಡಾದ ಆಕಾರ, ಕಸ ಕಾಣುತ್ತವೆ. ಜೂಮ್ ಬದಲಿಸಿದರೆ ಸರಿಯಾಗಿಬಿಡುತ್ತದೆ, ಏಕೆಂದರೆ ಹೊಸ ಅಳತೆಗೆ ಹೊಸ ಚಿತ್ರ ಬಿಡಿಸಬೇಕು. ನಿಮ್ಮ ಒತ್ತಕ್ಷರ ಯಾವ ಜೂಮ್‌ನಲ್ಲೂ ಹಾಗೇ ಇದೆ ಮತ್ತು ಪಿಡಿಎಫ್‌ನಲ್ಲೂ ಹಾಗೇ ಅಚ್ಚಾಗುತ್ತಿದೆ ಅಂದರೆ ಕಾರ್ಡಿನ ಮೇಲೆ ಕೇಸಿಲ್ಲ.

ಲಿಬ್ರೆಆಫೀಸ್‌ನಲ್ಲೇ ಕಸ ಕಂಡರೆ ಟೂಲ್ಸ್, ಆಪ್ಷನ್ಸ್, ಲಿಬ್ರೆಆಫೀಸ್, ವ್ಯೂ ಎಂದು ಹೋಗಿ ‘ಫೋರ್ಸ್ ಸ್ಕಿಯಾ ಸಾಫ್ಟ್‌ವೇರ್ ರೆಂಡರಿಂಗ್’ ಎಂಬಲ್ಲಿ ಟಿಕ್ ಹಾಕಿ, ಮುಚ್ಚಿ ತೆರೆಯಿರಿ. ಕಸ ಹೋಯಿತೆಂದರೆ ಅಪರಾಧಿ ಗ್ರಾಫಿಕ್ಸ್ ಡ್ರೈವರ್. ಪುಟ ಕಟ್ಟುವವರಿಗೆ ಆ ಟಿಕ್ ಹಾಗೇ ಉಳಿದರೂ ನಷ್ಟವಿಲ್ಲ.

ಹಳೆಯ ನುಡಿ, ಬರಹ ಆಸ್ಕಿ ಫೈಲುಗಳು ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುವುದು ಮೂರನೆಯ ಕಥೆ. ಅದಕ್ಕೆ ಫಾಂಟ್ ಬೇಕು, ಇಲ್ಲವೇ ಪರಿವರ್ತಕ ಬೇಕು.

ಪ್ರಶ್ನೆ: ಅಂಗಡಿಯ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಒಳಭಾಗ ಬಿಳಿಯಾಗಿ ಬರುತ್ತದೆ. ಮೌಸ್ ಆಡಿಸಿದ ಕಡೆ ಮಾತ್ರ ಬಟನ್ ಕಾಣುತ್ತದೆ. ಇನ್ನೊಂದು ಸಾಫ್ಟ್‌ವೇರ್ ‘ಓಪನ್‌ಜಿಎಲ್ ಸಾಲದು’ ಎಂದು ಮುಚ್ಚಿಕೊಳ್ಳುತ್ತದೆ.
— ಹಾರ್ಡ್‌ವೇರ್ ಅಂಗಡಿ ಮಾಲೀಕರು, ದಾವಣಗೆರೆ

ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಅಡಿ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಡ್ರೈವರ್ ಹಾಕದೆ ಕೈತೊಳೆದುಕೊಂಡಿದ್ದಾರೆ. ಆಗ ಚಿತ್ರ ಬಿಡಿಸಲು ವಿಂಡೋಸ್ ಬಳಸುವ ಡೈರೆಕ್ಟ್‌ಎಕ್ಸ್‌ನ ಕೆಲಸವನ್ನು ವಾರ್ಪ್ ಎಂಬ ಸಾಫ್ಟ್‌ವೇರ್ ರೆಂಡರರ್ (ಪ್ರೊಸೆಸರ್‌ನಿಂದ ಚಿತ್ರ ಬಿಡಿಸುವ ತಂತ್ರಾಂಶ) ಮಾಡುತ್ತದೆ, ವಿಂಡೋಸ್ 7ರ ಕಾಲದಿಂದ ಬಂದದ್ದು, ನಿಧಾನವಾದರೂ ನಂಬಿಕಸ್ಥ. ಚಿತ್ರ ಬಿಡಿಸುವ ಇನ್ನೊಂದು ವ್ಯವಸ್ಥೆಯಾದ ಓಪನ್‌ಜಿಎಲ್‌ಗೆ ಆ ಭಾಗ್ಯವಿಲ್ಲ. ಡ್ರೈವರ್ ಇಲ್ಲದ ವಿಂಡೋಸ್ ತನ್ನ ಕೈಯಿಂದ ಕೊಡುವುದು ಆವೃತ್ತಿ 1.1 ಮಾತ್ರ, 1997ರ ಸರಕು. ಇವತ್ತಿನ ಸಾಫ್ಟ್‌ವೇರ್ ಬಾಗಿಲು ಹಾಕಿಕೊಳ್ಳುವುದು ಸಹಜ. ಕಂಪ್ಯೂಟರ್ ತಯಾರಕರ ಸೈಟಿನಿಂದಲೇ ಡ್ರೈವರ್ ಇಳಿಸಿ ಹಾಕಿಸಿ. ‘ಡ್ರೈವರ್ ಅಪ್‌ಡೇಟರ್’ ಎಂದು ಜಾಹೀರಾತು ಕೊಡುವವುಗಳನ್ನು ಹತ್ತಿರ ಸೇರಿಸಬೇಡಿ.

ಡ್ರೈವರ್ ಹಾಕಿದ ಮೇಲೂ ಬಿಳಿ ಉಳಿದರೆ ಬಿಲ್ಲಿಂಗ್‌ನವರಿಗೆ ಫೋನ್ ಮಾಡಿ ‘ಮೌಸ್ ತಾಗಿದ ಕಡೆ ಮಾತ್ರ ಮತ್ತೆ ಬಿಡಿಸುತ್ತಿದೆ’ ಎಂದು ಇದೇ ಮಾತುಗಳಲ್ಲಿ ಹೇಳಿ. ‘ಸ್ಕ್ರೀನ್ ಬರ್ತಿಲ್ಲ’ ಅಂದರೆ ರೀಸ್ಟಾರ್ಟ್ ಮಾಡಿ ಅನ್ನುತ್ತಾರೆ. ಇದನ್ನು ಹೇಳಿದರೆ ಫೋನ್ ಒಳಗಿನವರಿಗೆ ದಾಟುತ್ತದೆ.

ಪ್ರಶ್ನೆ: ಮೇಡಂ, ಪ್ರಾಜೆಕ್ಟ್‌ಗಾಗಿ ಕ್ಯೂಟಿ ಕ್ವಿಕ್‌ನಲ್ಲಿ (ಅಪ್ಲಿಕೇಶನ್‌ನ ಪರದೆ ಕಟ್ಟುವ ಸಲಕರಣೆ) ಅಪ್ಲಿಕೇಶನ್ ಮಾಡಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದೆ. ವರ್ಚುವಲ್ ಮಷೀನ್‌ನಲ್ಲಿ ಎಲ್‌ಎಲ್‌ವಿಎಂಪೈಪ್ ಮೇಲೆ ನಿಧಾನ, ಆದರೆ ಸರಿ. ಕಾಲೇಜಿನ ಚಿಕ್ಕ ಬೋರ್ಡಿನಲ್ಲಿ ಕ್ಯೂಟಿಯ ‘ಸಾಫ್ಟ್‌ವೇರ್’ ಬ್ಯಾಕೆಂಡ್ ಹಾಕಿದರೆ ಕಾರ್ಡುಗಳ ನೆರಳು, ಮಸುಕು, ಮಳೆ ಹನಿಯ ಎಫೆಕ್ಟ್ ಎಲ್ಲ ಮಾಯ. ಎರಡೂ ಸಾಫ್ಟ್‌ವೇರ್ ರೆಂಡರಿಂಗ್ ತಾನೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಈ ಪತ್ರ ಓದಿ ಖುಷಿಯಾಯಿತು. ಮೂರು ಕಡೆ ಓಡಿಸಿ ಮೂರರ ಫಲಿತಾಂಶವನ್ನೂ ಬೇರೆ ಬೇರೆ ಬರೆದಿದ್ದೀರಿ, ಸಂಬಳ ತೆಗೆದುಕೊಳ್ಳುವವರೂ ಇಷ್ಟು ಮಾಡುವುದಿಲ್ಲ.

ಹೆಸರು ಒಂದೇ, ದಾರಿ ಎರಡು. ಎಲ್‌ಎಲ್‌ವಿಎಂಪೈಪ್ ಓಪನ್‌ಜಿಎಲ್ ಅನ್ನೇ ಪೂರ್ತಿ ಪ್ರೊಸೆಸರ್ ಮೇಲೆ ನಡೆಸುತ್ತದೆ. ನಿಮ್ಮ ಶೇಡರನ್ನು (ಚುಕ್ಕಿಗಳ ಬಣ್ಣ ಲೆಕ್ಕಹಾಕುವ ಪುಟ್ಟ ಪ್ರೋಗ್ರಾಂ) ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಮೂಲಕ ಆ ಕ್ಷಣದಲ್ಲೇ ಪ್ರೊಸೆಸರ್‌ನ ಸೂಚನೆಗಳಾಗಿ ಕಂಪೈಲ್ ಮಾಡಿ, ಪರದೆಯನ್ನು 64×64 ಚುಕ್ಕಿಗಳ ಚೌಕಗಳಾಗಿ ಹೆಚ್ಚಿ ಕೋರ್‌ಗಳಿಗೆ ಹಂಚುತ್ತದೆ. ಅದರ ಹೆಸರಿನ ಮುಂದೆ ಕಾಣುವ ‘256 ಬಿಟ್ಸ್’ ಅಂದರೆ ಒಂದೇಟಿಗೆ ಹಿಡಿಯುವ ವೆಕ್ಟರ್‌ನ ಅಗಲ. ಕ್ಯೂಟಿಯ ಸಾಫ್ಟ್‌ವೇರ್ ಬ್ಯಾಕೆಂಡ್‌ನಲ್ಲಿ ಓಪನ್‌ಜಿಎಲ್ ಇಲ್ಲವೇ ಇಲ್ಲ. ಆಯತ, ಚಿತ್ರ, ಅಕ್ಷರಗಳನ್ನು ಎರಡು ಆಯಾಮದ ಪೇಂಟರ್‌ನಿಂದ ಬಳಿಯುತ್ತದೆ ಅಷ್ಟೇ. ಶೇಡರ್ ಎಫೆಕ್ಟ್ ಮತ್ತು ಪಾರ್ಟಿಕಲ್ಸ್ (ಹನಿ, ಕಿಡಿಯಂಥ ಪುಟ್ಟ ಕಣಗಳು) ಅಲ್ಲಿ ಬರುವುದಿಲ್ಲ ಎಂದು ಕ್ಯೂಟಿಯ ದಾಖಲೆಯಲ್ಲೇ ಬರೆದಿದೆ. ನಿಮ್ಮ ನೆರಳು, ಮಸುಕು ಶೇಡರ್‌ನವು, ಮಳೆ ಹನಿ ಪಾರ್ಟಿಕಲ್‌ನದು. ಎರರ್ ಕೂಗದೆ ಸುಮ್ಮನೆ ಬಿಟ್ಟುಬಿಡುವುದರಿಂದ ಗ್ಲಿಚ್ ಅನ್ನಿಸುತ್ತದೆ. ಕ್ಯೂಟಿಯಂಥದೇ ಇನ್ನೊಂದು ಸಲಕರಣೆ ಜಿಟಿಕೆ 4ರಲ್ಲೂ ಕೈರೋ ರೆಂಡರರ್ ಎಂಬ ಇಂಥದೇ ಎರಡನೆಯ ದಾರಿ ಇದೆ.

ಪರಿಹಾರ: ಕ್ಯೂಟಿ ಕ್ವಿಕ್‌ನ ಭಾಷೆ ಕ್ಯೂಎಂಎಲ್‌ನಲ್ಲಿ ‘ಗ್ರಾಫಿಕ್ಸ್ ಇನ್ಫೋ’ದ ಎಪಿಐ ಮೌಲ್ಯ ಪರೀಕ್ಷಿಸಿ. ಅದು ‘ಸಾಫ್ಟ್‌ವೇರ್’ ಆಗಿದ್ದರೆ ಕಾರ್ಡಿಗೆ ನೆರಳಿನ ಬದಲು ಒಂದು ಚುಕ್ಕಿಯ ಬೂದು ಅಂಚು ಹಾಕಿ. ನೆರಳು ಬೇಕೇ ಬೇಕೆಂದರೆ ಮೊದಲೇ ಬಿಡಿಸಿಟ್ಟ ಪಿಎನ್‌ಜಿಯನ್ನು ‘ಬಾರ್ಡರ್ ಇಮೇಜ್’ ಆಗಿ ಹಿಗ್ಗಿಸಿ. ಮಳೆ ಹನಿಯ ಆಸೆ ಬಿಡಿ.

ಇನ್ನೊಂದು ಮಾತು, ಪ್ರಾಜೆಕ್ಟ್ ವೈವಾದಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್‌ಎಲ್‌ವಿಎಂಪೈಪ್ ಅನ್ನು ಬಡವರ ಗ್ರಾಫಿಕ್ಸ್ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಅದು ಸಾಕ್ಷಿ ಕಟಕಟೆ. ಅದನ್ನು ಒಳಗೊಂಡ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ತಂತ್ರಾಂಶ ಯೋಜನೆಯನ್ನು ಬ್ರಿಯಾನ್ ಪಾಲ್ 1993ರಲ್ಲಿ ಶುರುಮಾಡಿದ್ದೇ ಸಾಫ್ಟ್‌ವೇರ್ ರೆಂಡರಿಂಗ್ ಆಗಿ. ಚಿಪ್‌ಗಳ ಡ್ರೈವರ್ ಸೇರಿದ್ದು ಆಮೇಲೆ. ಪರದೆಯಲ್ಲಿ ತಪ್ಪು ಕಂಡಾಗ ‘ಲಿಬ್‌ಜಿಎಲ್ ಆಲ್ವೇಸ್ ಸಾಫ್ಟ್‌ವೇರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಎಲ್ಲ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್) 1 ಕೊಟ್ಟು ಅದೇ ಅಪ್ಲಿಕೇಶನ್ ಓಡಿಸಿ. ತಪ್ಪು ಅಲ್ಲೂ ಬಂದರೆ ಬಹುಮಟ್ಟಿಗೆ ನಿಮ್ಮ ಕೋಡಿನದು.

ಅಲ್ಲಿ ಬರದಿದ್ದರೆ ಮಾತ್ರ ತಕ್ಷಣ ಡ್ರೈವರ್ ಬಯ್ಯಲು ಹೋಗಬೇಡಿ. ಬಿಡಿಸುವ ಮೊದಲು ಬಫರನ್ನು (ಚಿತ್ರ ಕೂರುವ ಮೆಮೊರಿ) ಕ್ಲಿಯರ್ ಮಾಡದೆ ಬಿಟ್ಟಿದ್ದರೆ ಪ್ರೊಸೆಸರ್‌ನ ಹೊಸ ಮೆಮೊರಿ ಸಾಮಾನ್ಯವಾಗಿ ಸೊನ್ನೆಗಳಿಂದ ತುಂಬಿ ಶುದ್ಧ ಕಪ್ಪಾಗಿ ಕಾಣುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಅದೇ ಕೋಡ್ ಚಿಪ್ ಮೇಲೆ ಓಡಿದಾಗ ಹಿಂದೆ ಬೇರೆ ಯಾವುದೋ ಬಿಡಿಸಿ ಬಿಟ್ಟುಹೋದ ಚಿತ್ರದ ಚೂರುಗಳು ಮೂಲೆಯಲ್ಲಿ ಮಿನುಗುತ್ತವೆ. ತಪ್ಪು ಒಂದೇ, ಒಂದು ಕಡೆ ಅಡಗಿರುತ್ತದೆ, ಇನ್ನೊಂದು ಕಡೆ ಹೊರಬೀಳುತ್ತದೆ. ನಿಧಾನವೂ ಹೀಗೆಯೇ ಬಣ್ಣ ಬಯಲು ಮಾಡುತ್ತದೆ: ಲೇಔಟ್ ಮುಗಿಯುವ ಮೊದಲೇ ಮೊದಲ ಫ್ರೇಮ್ ತೋರಿಸುವ ಅಪ್ಲಿಕೇಶನ್‌ನಲ್ಲಿ ವೇಗದ ಚಿಪ್ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುವ ಎಡವಟ್ಟು ಎಲ್‌ಎಲ್‌ವಿಎಂಪೈಪ್ ಮೇಲೆ ಅರ್ಧ ಸೆಕೆಂಡ್ ನಿಂತು ದರ್ಶನ ಕೊಡುತ್ತದೆ. ಚೌಕ ಚೌಕವಾಗಿ ಹಾಳಾಗುವುದು ಕಂಡರೆ ‘ಎಲ್‌ಪಿ ನಮ್ ಥ್ರೆಡ್ಸ್’ ವೇರಿಯಬಲ್‌ಗೆ 0 ಕೊಟ್ಟು ಥ್ರೆಡ್‌ಗಳನ್ನು (ಕೋರ್‌ಗಳಿಗೆ ಹಂಚಿದ ಕೆಲಸದ ಎಳೆಗಳು) ನಿಲ್ಲಿಸಿ ನೋಡಿ. ಆಗ ಹೋದರೆ ಅನುಮಾನ ರೆಂಡರರ್ ಕಡೆಗೇ ತಿರುಗುತ್ತದೆ, ಮೆಸಾದವರಿಗೆ ದೂರು ಬರೆಯಬಹುದು.

ಪ್ರಶ್ನೆ: ಬ್ರೌಸರ್‌ನಲ್ಲಿ ಪುಟಗಳು ಮಿನುಗುತ್ತಿದ್ದವು. ‘ಹಾರ್ಡ್‌ವೇರ್ ಆ್ಯಕ್ಸಿಲರೇಶನ್’ ಆಫ್ ಮಾಡಿದೆ, ಸರಿಹೋಯಿತು. ಹೀಗೇ ಬಿಡಬಹುದೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಪೇಪರ್ ಓದುವುದು, ಮೇಲ್, ಬ್ಯಾಂಕ್ ಪುಟ ಇಷ್ಟಕ್ಕಾದರೆ ಧಾರಾಳವಾಗಿ ಬಿಡಬಹುದು ಸಾರ್. ಅದನ್ನು ಆಫ್ ಮಾಡಿದರೆ ಪುಟ ಬಿಡಿಸುವ ಕೆಲಸ ಚಿಪ್ಪಿನಿಂದ ಪ್ರೊಸೆಸರ್‌ಗೆ ಬರುತ್ತದೆ. ವಿಡಿಯೋ ನೋಡುವಾಗ ಬ್ಯಾಟರಿ ಬೇಗ ಇಳಿದರೆ, ತೊಡೆ ಬಿಸಿಯಾದರೆ ಕಾರಣ ಇದೇ ಎಂದು ತಿಳಿಯಿರಿ. ವೆಬ್‌ಜಿಎಲ್ (ಬ್ರೌಸರ್‌ನೊಳಗಿನ ಓಪನ್‌ಜಿಎಲ್) ಬೇಡುವ ಮೂರು ಆಯಾಮದ ನಕ್ಷೆ, ಆಟ ತೆರೆಯದೆಯೂ ಹೋಗಬಹುದು. ಮಿನುಗಿಗೆ ಮೂಲ ಡ್ರೈವರ್‌ನಲ್ಲಿರುವ ಸಾಧ್ಯತೆಯೇ ಹೆಚ್ಚು. ಡ್ರೈವರ್ ಇಲ್ಲವೇ ಬ್ರೌಸರ್‌ನ ದೊಡ್ಡ ಅಪ್‌ಡೇಟ್ ಬಂದಾಗ ಒಮ್ಮೆ ಆನ್ ಮಾಡಿ ನೋಡಿ, ಮಿನುಗದಿದ್ದರೆ ಆನ್ ಇರಲಿ. ಬ್ರೌಸರ್ ಪೂರ್ತಿ ಮುಚ್ಚಿ ತೆರೆದ ಮೇಲಷ್ಟೇ ಈ ಬದಲಾವಣೆ ಜಾರಿಗೆ ಬರುತ್ತದೆ. ಟ್ಯಾಬ್ ಮುಚ್ಚಿದರೆ ಸಾಲದು.